ಉದ್ದ ತೋಳಿನ ಕುಬಸ

ನಮ್ಮ ಅತ್ತಿಯನ್ನು ಯರಗಟ್ಟಿಯ ಓಣಿಯಲ್ಲಿ ಎಲ್ಲರೂ ಪತ್ತೇದಾರಬಾಯಿ ಅಂತ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ನಾನು ಕಿತ್ತೂರಿನಿಂದ ಆ ಮನೆಗೆ ಸೊಸೆಯಾಗಿ ಬಂದ ಮೊದಲ ವಾರದಲ್ಲೇ ನಳದ ಹತ್ತಿರ ಪಕ್ಕದ ಮನೆಯಾಕೆ ಆ ಹೆಸರು ಹೇಳಿ ನಕ್ಕಿದ್ದಳು. "ಹುಷಾರಿರವ್ವ ತಂಗಿ. ನಿಮ್ಮತ್ತಿ ಮುಂದ ಏನೂ ಮುಚ್ಚಿಡಾಕ ಆಗಾಂಗಿಲ್ಲ." ಹೊಸ ಸೊಸೆಯನ್ನು ಹೆದರಿಸಲು ಹೇಳುವ ಮಾತು ಅಂದುಕೊಂಡು ನಾನೂ ನಕ್ಕೆ.

ಅತ್ತಿ ಹೆಂಗಸರ ಕುಬಸ, ಅಂದರೆ ರವಿಕೆ, ಹೊಲಿಯುತ್ತಿದ್ದರು. ಮಾವ ತೀರಿಹೋದಾಗ ನನ್ನ ಗಂಡನಿಗೆ ನಾಲ್ಕು ವರ್ಷವಂತೆ. ಅವತ್ತಿನಿಂದ ಪಡಸಾಲೆಯ ಕಿಟಕಿಯ ಕೆಳಗೆ ಕಾಲಿನಿಂದ ತುಳಿಯುವ ಮಷೀನು ಹಾಕಿಕೊಂಡು ಕೂತವರು. ಅಕ್ಷರ ಕಲಿತಿರಲಿಲ್ಲ. ಆದರೆ ಒಬ್ಬಳ ಮೈಗೆ ಟೇಪು ಸುತ್ತಿದರೆ ಸಾಕು, ಆಕೆ ಎಲ್ಲಿ ಬಾಗಿ ದುಡಿಯುತ್ತಾಳೆ, ಯಾವ ಹೆಗಲ ಮೇಲೆ ಕೊಡ ಹೊರುತ್ತಾಳೆ, ಉಂಡಿದ್ದಾಳೋ ಇಲ್ಲವೋ, ಎಲ್ಲ ತಿಳಿಯುತ್ತಿತ್ತು. ಅಳತೆ ಕೊಟ್ಟು ಹೋದವಳ ಬೆನ್ನು ನೋಡುತ್ತಾ, "ಆಕಿಗೆ ಮೂರು ತಿಂಗಳಾತು. ಇನ್ನಾ ಮನ್ಯಾಗ ಹೇಳಿಲ್ಲ ಕಾಣಸ್ತೈತಿ" ಅನ್ನುವರು. ಅದು ಸುಳ್ಳಾದದ್ದು ನಾನು ನೋಡಲಿಲ್ಲ.

ಒಮ್ಮೆ ಹಿಂದಿನ ಓಣಿಯವರ ರೇಷ್ಮೆ ಸೀರೆ ಒಣಹಾಕಿದಲ್ಲಿಂದ ಕಳುವಾಗಿತ್ತು. ಎಷ್ಟೋ ದಿನದ ಮೇಲೆ ಒಬ್ಬಾಕೆ ತುಂಡು ಬಟ್ಟೆ ತಂದು ಕುಬಸ ಹೊಲಿಯಲು ಕೊಟ್ಟಳು. ಅತ್ತಿ ಅದನ್ನು ಬೆಳಕಿಗೆ ಹಿಡಿದರು. ಹೆಬ್ಬೆರಳಿನಷ್ಟು ಜಾಗದಲ್ಲಿ ಹರಿದದ್ದನ್ನು ಎಳೆ ಎಳೆ ಹಿಡಿದು ಸೇರಿಸಿದ ಗುರುತಿತ್ತು. ಅದು ಅವರದೇ ಕೈಕೆಲಸ. "ಇದನ್ನ ಇಲ್ಲೇ ಬಿಟ್ಟು ಹೋಗ. ಉಳದ ಸೀರಿ ನಾಳೆ ತಂದಿಡ. ನಾ ಯಾರಿಗೂ ಹೇಳಾಂಗಿಲ್ಲ" ಅಂದರು. ಮರುದಿನ ಸೀರೆ ಬಂತು. ಇನ್ನೊಮ್ಮೆ ಬಟ್ಟೆ ಅಂಗಡಿಯವರ ಥಾನಿನಿಂದ ಯಾರೋ ಬಟ್ಟೆ ಕತ್ತರಿಸಿ ಒಯ್ಯುತ್ತಿದ್ದರು. ಕತ್ತರಿಸಿದ ಅಂಚನ್ನು ನೋಡಿ ಅತ್ತಿ, "ಇದು ಎಡಗೈಯಾಗ ಕತ್ತರಿ ಹಿಡಿಯಾಂವನ ಕೆಲಸ" ಅಂದರು. ಅಂಗಡಿಯವನ ಸ್ವಂತ ತಮ್ಮ ಎಡಗೈಯವನು. ಮಾತು ಅಲ್ಲಿಗೇ ಮುಚ್ಚಿಹೋಯಿತು. ಠಾಣೆಯ ಮೆಟ್ಟಿಲು ಹತ್ತಲಾರದ ಹೆಂಗಸರು ಹೀಗೆ ಕುಬಸದ ನೆಪ ಮಾಡಿಕೊಂಡು ಅತ್ತಿಯ ಹತ್ತಿರ ಬರುತ್ತಿದ್ದರು.

ನಾನು ಏಳನೇ ಇಯತ್ತೆ ಓದಿದ್ದೆ. ಅದಕ್ಕೇ ಅಳತೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅತ್ತಿ ಯಾರ ಹೆಸರನ್ನೂ ಕೇಳುತ್ತಿರಲಿಲ್ಲ. "ಮುನವಳ್ಳಿ ಮಾಸ್ತರ ಹೆಂಡತಿ", "ಮೂಗುತಿ ಇಲ್ಲದಾಕಿ", "ಭಾಳ ಮಾತಾಡಾಕಿ" ಎಂದು ಬರೆಸುವರು. ಪುಸ್ತಕದ ತುಂಬ ಹೀಗೆ ಹೆಸರಿಲ್ಲದ ಹೆಂಗಸರು, ಅವರ ಎದೆ, ತೋಳು, ಉದ್ದ.

ನನ್ನ ಗಂಡ ಹತ್ತಿ ತುಂಬುವ ಲಾರಿ ಓಡಿಸುತ್ತಿದ್ದ. ಅವನ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ. ಕುಡಿದ ದಿನ ಹೊಡೆಯುತ್ತಿದ್ದ, ಕುಡಿಯದ ದಿನ ಮಾತಾಡುತ್ತಿರಲಿಲ್ಲ.

ಆಕೆ ಬಂದದ್ದು ಸುಗ್ಗಿಯ ದಿನಗಳಲ್ಲಿ. ಸಂತೆ ಮುಗಿಸಿಕೊಂಡು ಐದಾರು ವರ್ಷದ ಹೆಣ್ಣುಮಗುವಿನ ಕೈ ಹಿಡಿದು ಒಳಗೆ ಬಂದಳು. ನನ್ನಷ್ಟೇ ವಯಸ್ಸು. ಕೆಂಪು ಅಂಚಿನ ಹಸಿರು ಖಣ ತಂದಿದ್ದಳು. ಅತ್ತಿ ಅಳತೆ ತೆಗೆಯುವಾಗ, "ತೋಳು ಮೊಣಕೈ ತನಕ ಬರಲಿ" ಅಂದಳು.

"ಈ ಬಿಸಲಾಗ ಉದ್ದ ತೋಳು ಯಾಕವ್ವ? ಬೆವತು ಸಾಯತೀ" ಅಂದರು ಅತ್ತಿ.

"ಇರಲಿ ಬಿಡ್ರಿ. ನನಗ ಹಂಗ ರೂಢಿ."

ಎಡಗೈ ಅಳೆಯುವಾಗ ಅತ್ತಿ ಟೇಪನ್ನು ಎರಡು ಸಲ ಸುತ್ತಿ ನೋಡಿದರು. ಎಡತೋಳು ಬಲತೋಳಿಗಿಂತ ಸಣ್ಣ, ಮೊಣಕೈ ಹತ್ತಿರ ಸೊಟ್ಟ. ಯಾವಾಗಲೋ ಮುರಿದು ಹೇಗೋ ಕೂಡಿಕೊಂಡ ಎಲುಬು. ಅತ್ತಿ ನನ್ನ ಕಡೆ ನೋಡದೆ ಬರೆಸಿದರು: "ಕಟಕೋಳ ಬಸ್ಸಿನಾಕಿ. ಎಡಗೈ ಸಣ್ಣ. ತೋಳು ಉದ್ದ." ಹುಡುಗಿ ಬಟ್ಟೆ ಹಿಡಿದು ಜಗ್ಗುತ್ತಿತ್ತು. ಆಕೆ ಮೆಲ್ಲಗೆ, "ಉಳದದ್ದರಾಗ ಇದಕ್ಕೂ ಒಂದ ಸಣ್ಣದು ಆಗತೈತೇನ್ರಿ?" ಎಂದು ಕೇಳಿದಳು. ಅತ್ತಿ ಹೂಂ ಅಂದರು. ಮುಂದಿನ ಸಂತೆಗೆ ಬಂದು ಎರಡೂ ಕುಬಸ ಒಯ್ದಳು. ಹುಡುಗಿ ಅಲ್ಲೇ ಹಾಕಿಕೊಂಡು ಪಡಸಾಲೆಯಲ್ಲಿ ಎರಡು ಸುತ್ತು ತಿರುಗಿತು. ಅವಳ ತಾಯಿ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ಮಳೆಗಾಲದ ಕೊನೆಗೆ ಒಬ್ಬ ಹವಾಲ್ದಾರ ಕೈಯಲ್ಲಿ ಕಾಗದದ ಗಂಟು ಹಿಡಿದುಕೊಂಡು ಬಂದ. ತಲೆ ನರೆತವನು, ಮಾತು ಮೆತ್ತಗೆ. ಮಲಪ್ರಭಾ ಕಾಲುವೆಯಲ್ಲಿ ಒಂದು ಹೆಂಗಸಿನ ಹೆಣ ಸಿಕ್ಕಿತ್ತಂತೆ. ನೀರಿನಲ್ಲಿ ಎಷ್ಟೋ ದಿನ ಇದ್ದು ಮುಖ ಗುರುತು ಹಿಡಿಯುವ ಹಾಗಿರಲಿಲ್ಲ. ಯಾರೂ ಕೇಳಿಕೊಂಡು ಬರಲಿಲ್ಲ. ಪಂಚನಾಮೆ ಮಾಡಿ ಹೂತಿದ್ದರು. ಉಳಿದದ್ದು ಮೈಮೇಲಿನ ಬಟ್ಟೆ. ಸುತ್ತಲ ಹೊಲಿಗೆಯವರಿಗೆಲ್ಲ ತೋರಿಸಿ ಕೊನೆಗೆ ಇಲ್ಲಿಗೆ ಬಂದಿದ್ದ.

"ನೋಡ್ರಿ ಬಾಯಾರ, ಏನಾರ ಗೊತ್ತಾಗತೈತೇನು?"

ಗಂಟು ಬಿಚ್ಚಿದಾಗ ಕೆಸರಿನ ವಾಸನೆ ಪಡಸಾಲೆ ತುಂಬಿತು. ಹಸಿರು ಬಣ್ಣ ಕಪ್ಪಾಗಿತ್ತು, ಆದರೆ ಅಂಚಿನ ಕೆಂಪು ಹಾಗೇ ಇತ್ತು. ಅತ್ತಿ ಕುಬಸವನ್ನು ಒಳಮಗ್ಗುಲು ಮಾಡಿ ಕಂಕುಳ ಜಾಗ ನೋಡಿದರು. ಅಲ್ಲೊಂದು ಬೆರಳಗಲದ ಚೌಕದ ತುಣುಕು ಇತ್ತು. ಹೊಲದಲ್ಲಿ ಕೈ ಎತ್ತಿ ದುಡಿಯುವವರಿಗೆ ಕಂಕುಳಲ್ಲಿ ಹರಿಯಬಾರದೆಂದು ಅತ್ತಿ ಮಾತ್ರ ಹಾಕುತ್ತಿದ್ದ ತುಣುಕು ಅದು.

"ಇದು ನನ್ನ ಕೈ" ಅಂದರು.

ಆಮೇಲೆ ಹಿಂದಿನ ಕೊರಳ ಪಟ್ಟಿ ಮುಟ್ಟಿದರು. ಅದು ಬುಡದಿಂದ ಕಿತ್ತಿತ್ತು. ಮುಂದಿನ ಹುಕ್ಕು ಒಂದೂ ಕಿತ್ತಿರಲಿಲ್ಲ. "ಸಾಹೇಬ್ರ, ನೀರು ಹಿಂಗ ಹರಿಯಾಂಗಿಲ್ಲ. ಇದನ್ನ ಯಾರೋ ಹಿಂದಿನಿಂದ ಕೊರಳಿಗೆ ಕೈ ಹಾಕಿ ಜಗ್ಗ್ಯಾರ. ಮಷೀನಿನ ಹೊಲಿಗಿ ಹಂಗ ಸುಮ್ಮನ ಬಿಡಾಂಗಿಲ್ಲ."

ಹವಾಲ್ದಾರ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. "ಯಾರಾಕಿ ಇಕಿ?"

"ಹೆಸರು ಗೊತ್ತಿಲ್ಲ. ನಾ ಕೇಳಿರಲಿಲ್ಲ."

ನಾನು ಅಳತೆ ಪುಸ್ತಕ ತಂದು ನನ್ನ ಅಕ್ಷರ ಓದಿ ಹೇಳಿದೆ. ಕಟಕೋಳ ಬಸ್ಸಿನಾಕಿ, ಎಡಗೈ ಸಣ್ಣ. ಇಷ್ಟರ ಮೇಲೆ ಒಂದು ತಾಲ್ಲೂಕು ತುಂಬ ಹುಡುಕುವುದು ಹೇಗೆ ಎಂದು ಹವಾಲ್ದಾರ ಕೇಳಿದ. ಅತ್ತಿ, "ನಾ ಹುಡುಕತೇನಿ. ಎರಡು ದಿನ ಈ ಕುಬಸ ನನ್ನ ಹತ್ತಿರ ಇರಲಿ" ಅಂದರು. ಅವನು ಅತ್ತ ಇತ್ತ ನೋಡಿ, "ಇಟ್ಟುಕೊಳ್ರಿ. ಅಲ್ಲೆ ಇದನ್ನ ಕೇಳವರು ಯಾರೂ ಇಲ್ಲ" ಎಂದು ಹೋದ.

ಮರುದಿನ ಬೆಳಿಗ್ಗೆ ನಾವಿಬ್ಬರೂ ಕಟಕೋಳದ ಬಸ್ಸು ಹತ್ತಿದೆವು. ಅತ್ತಿ ಒಗೆದು ಒಣಗಿಸಿದ ಕುಬಸವನ್ನು ಚೀಲದಲ್ಲಿಟ್ಟು ಮಡಿಲಲ್ಲಿ ಹಿಡಿದಿದ್ದರು. ನನಗೆ ತಡೆಯಲಿಲ್ಲ.

"ಅತ್ತಿ, ಅವತ್ತ ನಿಮಗ ಕೈ ನೋಡಿ ಗೊತ್ತಾಗಿತ್ತಲ್ಲ? ಯಾಕ ಕೇಳಲಿಲ್ರಿ?"

"ಕೇಳಿ ಏನ್ ಮಾಡತಿದ್ದೆ?" ಅವರು ಕಿಟಕಿಯ ಹೊರಗೆ ಜೋಳದ ಹೊಲ ನೋಡುತ್ತಾ ಹೇಳಿದರು. "ನಿನ್ನೂ ಕೇಳಿಲ್ಲ. ನೀ ಬಂದ ವರ್ಷದಿಂದ ನಿನ್ನ ಕುಬಸದ ತೋಳು ಒಂದೊಂದ ಬಟ್ಟು ಉದ್ದ ಮಾಡಕೋತ ಬಂದೇನಿ. ನೀನೂ ಯಾಕಂತ ಕೇಳಿಲ್ಲ."

ನಾನು ನನ್ನ ತೋಳು ನೋಡಿಕೊಂಡೆ. ಖರೇ ಇತ್ತು.

ಕಟಕೋಳದಲ್ಲಿ ಅತ್ತಿ ಯಾವ ಮನೆಗೂ ಹೋಗಲಿಲ್ಲ. ನೇರ ಬಸ್ಸು ನಿಲ್ಲುವ ಕಡೆ ಕೂತಿದ್ದ ಬಳೆಗಾರ್ತಿಯ ಮುಂದೆ ಕೂತು ಕೈ ಚಾಚಿದರು. ಬಳೆ ಇಡಿಸಿಕೊಳ್ಳುತ್ತಾ, ಎಡಗೈ ಸೊಟ್ಟ ಇದ್ದ ಒಬ್ಬ ಹೆಂಗಸು ಬರುತ್ತಿದ್ದಳೇ ಎಂದು ಕೇಳಿದರು. ಬಳೆಗಾರ್ತಿಗೆ ಕೂಡಲೇ ನೆನಪಾಯಿತು. "ಬರತಿದ್ದಳ್ರಿ. ಎಡಗೈಗೆ ಇಡಾಕ ಹೋದ್ರ ಹಲ್ಲು ಕಚಗೋತಿದ್ದಳು. ಈಗ ಭಾಳ ದಿನ ಆತು, ಕಂಡಿಲ್ಲ." ಊರಿನ ಹೆಸರೂ ಹೇಳಿದಳು, ಮನೆಯ ಗುರುತೂ ಹೇಳಿದಳು. ಕಟಕೋಳದಿಂದ ಒಳಗೆ ನಡೆದು ಹೋಗುವ ಹಳ್ಳಿ. ಅದರ ಹೆಸರು ನಾನಿಲ್ಲಿ ಬರೆಯುವುದಿಲ್ಲ.

ಮನೆಯ ಮುಂದೆ ಒಬ್ಬ ಮುದುಕಿ ಸಜ್ಜೆ ಕೇರುತ್ತಿದ್ದಳು. ಸತ್ತವಳ ಅತ್ತೆ. ಖಣ ಹೊಲಿಸಿದಾಕಿ ಇದ್ದಾಳೆಯೇ ಎಂದು ಅತ್ತಿ ವಿಚಾರಿಸಿದರು.

"ಆಕಿ ತವರಮನಿಗೆ ಹೋಗ್ಯಾಳ. ತೊರಗಲ್ಲಿಗೆ."

"ಯಾವಾಗ ಬರತಾಳ್ರಿ?"

"ಯಾರಿಗೊತ್ತು. ಬಂದ್ರ ಬಂದಳು."

ಅಷ್ಟರಲ್ಲಿ ಗೋಡೆಯ ಮಗ್ಗುಲಿನಿಂದ ಆ ಹುಡುಗಿ ಬಂತು. ಮೈಮೇಲೆ ಅದೇ ಹಸಿರು ಕುಬಸ, ಎದೆಯ ಮೇಲೆ ಒಂದು ಹುಕ್ಕು ಕಿತ್ತಿತ್ತು. ಅತ್ತಿಯ ಗುರುತು ಹಿಡಿದು ಹತ್ತಿರ ಬಂದು ಸೀರೆಯ ಸೆರಗು ಹಿಡಿದುಕೊಂಡಿತು. ಮುದುಕಿ ನಮಗೆ ನೀರು ತರಲು ಒಳಗೆ ಹೋದಳು. ಅತ್ತಿ ಕೂತಲ್ಲಿಂದಲೇ ಬಾಗಿ ಕೇಳಿದರು. "ಅವ್ವ ಎಲ್ಲೆ ಅದಾಳವ್ವ ತಂಗಿ?"

ಹುಡುಗಿ ಒಳಗೆ ನೋಡಿ, ಆಮೇಲೆ ಅತ್ತಿಯ ಕಿವಿಯ ಹತ್ತಿರ ಬಂದು ಹೇಳಿತು. "ಅಪ್ಪ ಜಗ್ಗಿಕೊಂಡ ಹೋದ. ಯಾರಿಗೂ ಹೇಳಬ್ಯಾಡ ಅಂದಾನ."

ನನಗೂ ಕೇಳಿಸಿತು. ಮುದುಕಿ ತಂದ ನೀರನ್ನು ಅತ್ತಿ ಕುಡಿದು ಎದ್ದರು. ಹುಡುಗಿ ಸೆರಗು ಬಿಡಲಿಲ್ಲ. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. ಅದನ್ನು ಬಿಡಿಸಿದವಳು ನಾನು.

ಅಲ್ಲಿಂದ ತೊರಗಲ್ಲಿಗೆ ಹೋದೆವು. ಗುಡ್ಡದ ಕೋಟೆಯ ಕೆಳಗಿನ ಓಣಿ, ಮಣ್ಣಿನ ಮಾಳಿಗೆ ಮನೆ. ಸತ್ತವಳ ತಾಯಿ ಇದ್ದಳು, ಅಣ್ಣ ಇದ್ದ. ಒಳಗೆ ಅಣ್ಣನ ಹೆಂಡತಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಅತ್ತಿ ಹೇಳಬೇಕಾದದ್ದನ್ನು ಹೇಳಿ ಕುಬಸವನ್ನು ತಾಯಿಯ ಮುಂದೆ ಇಟ್ಟರು. ರೊಟ್ಟಿಯ ಸಪ್ಪಳ ನಿಂತಿತು.

ಆ ತಾಯಿ ಕುಬಸ ಎತ್ತಿ ಎಡತೋಳನ್ನು ಬೆರಳಿನಿಂದ ಸವರಿದಳು. ಎದ್ದು ಒಳಗೆ ಹೋದಳು. ಮಗನೂ ಹಿಂದೆ ಹೋದ. ಒಳಗೆ ಏನೋ ಗುಸುಗುಸು ನಡೆಯಿತು. ನಾವು ಪಡಸಾಲೆಯಲ್ಲಿ ಕಾದೆವು. ಹೊರಗೆ ಬಂದಾಗ ತಾಯಿಯ ಕಣ್ಣು ಕೆಂಪಾಗಿದ್ದವು.

"ಇದು ನಮ್ಮಾಕಿದಲ್ಲ" ಅಂದಳು.

"ಯವ್ವಾ, ಆಕಿ ಕೈ ನಾ ಅಳದೇನಿ. ನನಗ ತಪ್ಪಾಗಾಂಗಿಲ್ಲ" ಅಂದರು ಅತ್ತಿ.

ಅಣ್ಣ ಅಡ್ಡ ಬಂದ. "ಅಲ್ಲ ಅಂತ ಹೇಳಿದ ಮ್ಯಾಲೆ ಮುಗೀತು. ನಮ್ಮ ತಂಗಿ ಯಾರದೋ ಜೋಡಿ ಓಡಿ ಹೋಗ್ಯಾಳ. ನಮ್ಮ ಪಾಲಿಗೆ ಆಕಿ ಸತ್ತಾಳ. ನೀವು ಎದ್ದೇಳ್ರಿ."

ಯಾಕೆ ಹಾಗಂದರು ಅನ್ನುವುದು ಬಾಗಿಲ ಹೊರಗೆ ತಿಳಿಯಿತು. ತಾಯಿ ನಮ್ಮನ್ನು ಕಳಿಸುವ ನೆಪದಲ್ಲಿ ಕಟ್ಟೆಯ ತನಕ ಬಂದಳು. ಎರಡೂ ಮನೆಗೆ ಕೊಟ್ಟು ತಂದ ಸಂಬಂಧ. ಒಳಗೆ ರೊಟ್ಟಿ ಬಡಿಯುತ್ತಿದ್ದ ಸೊಸೆ, ಆ ಅಳಿಯನ ಸ್ವಂತ ತಂಗಿ. ಅಳಿಯನ ಮೇಲೆ ಕೇಸು ಹಾಕಿದರೆ ಸೊಸೆಯನ್ನು ಕರೆದುಕೊಂಡು ಹೋಗುತ್ತಾರೆ. ಆಕೆಗೆ ಮೂರು ಸಣ್ಣ ಮಕ್ಕಳು. "ಹೋದಾಕಿ ಹೋದಳ್ರಿ. ಇದ್ದವರ ಸಂಸಾರ ಹೆಂಗ ಮುರೀಲಿ?" ಎಂದು ಕೈ ಮುಗಿದಳು. ಹೋಗುವ ಮೊದಲು ಕುಬಸವನ್ನು ಇನ್ನೊಮ್ಮೆ ಕೊಡಿರೆಂದು ಕೇಳಿ, ಮುಖಕ್ಕೆ ಒತ್ತಿಕೊಂಡು, ವಾಪಸು ಕೊಟ್ಟಳು.

ಬಸ್ಸಿನಲ್ಲಿ ನಾನು, "ಇನ್ನ ಬಿಟ್ಟುಬಿಡೂಣ್ರಿ ಅತ್ತಿ" ಅಂದೆ. ಅವರು ಕೇಳಲಿಲ್ಲ. ಎರಡನೇ ದಿನ ಠಾಣೆಗೆ ಹೋಗಿ ಫೌಜದಾರನಿಗೆ ಎಲ್ಲ ಹೇಳಿದರು: ಕಂಕುಳ ತುಣುಕು, ಕಿತ್ತ ಕೊರಳ ಪಟ್ಟಿ, ಅಳತೆ ಪುಸ್ತಕ, ಬಳೆಗಾರ್ತಿ, ಹುಡುಗಿಯ ಮಾತು. ಅದು ಯಾವ ಊರಿನ ಠಾಣೆ ಎಂದು ಬರೆಯುವುದರಿಂದ ಈಗ ಉಪಯೋಗವಿಲ್ಲ. ಫೌಜದಾರ ಕೆಟ್ಟವನಾಗಿ ಕಾಣಲಿಲ್ಲ. ಚಹಾ ತರಿಸಿದ. ಪೂರ್ತಿ ಕೇಳಿದ. ಅತ್ತಿಯ ಮುಖದಲ್ಲಿ ಅವತ್ತು ಒಂದು ಬೆಳಕಿತ್ತು. ಜೀವನದಲ್ಲಿ ಮೊದಲ ಸಲ ಖುರ್ಚಿಯ ಮೇಲೆ ಕೂತು ಒಬ್ಬ ಅಧಿಕಾರಿಯ ಮುಂದೆ ತಮ್ಮ ಕೆಲಸದ ವಿವರ ಹೇಳುತ್ತಿದ್ದರು.

"ನಾಡದು ಬರ್ರಿ. ಅವನನ್ನ ಕರೆಸತೇನಿ" ಅಂದ ಫೌಜದಾರ.

ನಾಡದು ಹೋದಾಗ ಸತ್ತವಳ ಗಂಡ ಬಂದಿದ್ದ. ಅವನ ಜೊತೆ ಹಳ್ಳಿಯ ನಾಲ್ಕು ಜನ ಹಿರಿಯರು. ನಾನು ರಾಕ್ಷಸನನ್ನು ಕಲ್ಪಿಸಿಕೊಂಡಿದ್ದೆ. ಅವನು ನನ್ನ ಗಂಡನ ಹಾಗೆಯೇ ಇದ್ದ, ತೆಳ್ಳಗೆ, ಅಂಗಿಯ ತೋಳು ಮಡಚಿಕೊಂಡು. ಹೆಂಡತಿ ಓಡಿಹೋಗಿದ್ದಾಳೆ ಎಂದು ಬರೆದ ಅರ್ಜಿಯೊಂದನ್ನು ಮುಂದಿಟ್ಟ. ಅದಕ್ಕೆ ತೊರಗಲ್ಲಿನ ಅಣ್ಣನ ಸಹಿ ಇತ್ತು.

ಫೌಜದಾರ ಅರ್ಜಿ ಓದಿದ. ಆಮೇಲೆ ಅದೇ ಧಾಟಿಯಲ್ಲಿ, ಎಲ್ಲರ ಮುಂದೆ ಕೇಳಿದ. "ಮತ್ತ ನಿನ್ನ ಮಗಳು ಈ ಬಾಯಾರ ಮುಂದ ಹಿಂಗ ಹೇಳ್ಯಾಳಂತಲ್ಲ? ಅಪ್ಪ ಜಗ್ಗಿಕೊಂಡ ಹೋದ ಅಂತ?"

ನಾನು ಅತ್ತಿಯ ಮುಖ ನೋಡಿದೆ. ಬಣ್ಣ ಪೂರ್ತಿ ಇಳಿದುಹೋಗಿತ್ತು. ಗಂಡ ಮೊದಲ ಸಲ ತಿರುಗಿ ನಮ್ಮನ್ನು ನೋಡಿದ. ಸಿಟ್ಟಿರಲಿಲ್ಲ. ಏನೋ ಲೆಕ್ಕ ಹಾಕಿದ ಹಾಗೆ ಒಮ್ಮೆ ನೋಡಿ, "ಸಣ್ಣ ಕೂಸ್ರಿ ಸಾಹೇಬ್ರ. ಕನಸು ಕಂಡಿರಬೇಕು" ಅಂದ. ಹಿರಿಯರು ಹೌದು ಹೌದೆಂದರು.

"ಸಾಹೇಬ್ರ, ಆ ಕೂಸಿನ ಮಾತು ಬಿಡ್ರಿ, ಆಕಿ ಏನೂ ಹೇಳಿಲ್ಲ, ನನಗ ಕೇಳಿದ್ದು ತಪ್ಪು" ಎಂದು ಅತ್ತಿ ಒಮ್ಮೆಲೇ ಎದ್ದು ನಿಂತರು. ಇಡೀ ಕೇಸು ಬಿದ್ದದ್ದು ಆ ಮಾತಿಗೆ. ಹುಡುಗಿಯನ್ನು ಉಳಿಸಲು ಹೋಗಿ ತಮ್ಮ ಕೈಯಾರೆ ಎಲ್ಲವನ್ನೂ ಅಲ್ಲಗಳೆದರು. ಫೌಜದಾರ ನಿಟ್ಟುಸಿರು ಬಿಟ್ಟ. "ಹೆಣ ನಮ್ಮದು ಅನ್ನವರಿಲ್ಲ. ತಕರಾರು ಇಲ್ಲ. ಹೊಲಿಗಿ ನೋಡಿ ನಾ ಯಾರನ್ನ ಒಳಗ ಹಾಕಲಿ ಬಾಯಾರ?" ಕುಬಸ ಮತ್ತು ಅಳತೆ ಪುಸ್ತಕ ಅಲ್ಲೇ ಇರಲಿ, ಬೇಕಾದಾಗ ಕರೆಸುತ್ತೇವೆ ಅಂದ. ಮತ್ತೆ ಯಾರೂ ಕರೆಯಲಿಲ್ಲ. ಪುಸ್ತಕವೂ ಬರಲಿಲ್ಲ.

ಮರುದಿನವೇ ಅತ್ತಿ ಆ ಹಳ್ಳಿಗೆ ಓಡಿದರು. ನಾನೂ ಹೋದೆ. ಹುಡುಗಿ ಇರಲಿಲ್ಲ. ಸೋದರತ್ತೆಯ ಮನೆಗೆ ಕಳಿಸಿದ್ದೇವೆ, ತೊರಗಲ್ಲಿಗೆ, ಅಂದಳು ಮುದುಕಿ. ತೊರಗಲ್ಲಿಗೆ ಹೋದೆವು. ಅಣ್ಣ ಬಾಗಿಲಲ್ಲೇ ನಿಂತು, ಇಲ್ಲಿ ಬಂದಿಲ್ಲ ಅಂದ. ಅತ್ತಿ ಅವನ ಕಾಲಿಗೆ ಬಿದ್ದರು. ನಾನು ಅವರನ್ನು ಎಂದೂ ಯಾರ ಕಾಲಿಗೂ ಬಿದ್ದದ್ದು ನೋಡಿರಲಿಲ್ಲ. "ನಾ ಸಾಕತೇನಿ ಆ ಕೂಸನ್ನ. ಯಾರಿಗೂ ಏನೂ ಹೇಳಾಂಗಿಲ್ಲ. ಕೊಟ್ಟು ಬಿಡ್ರಿ" ಅಂದರು. ಅವನು ಬಾಗಿಲು ಹಾಕಿಕೊಂಡ.

ಅದಾದ ಮೇಲೆ ಅತ್ತಿ ಯಾರ ಪತ್ತೆಯನ್ನೂ ಮಾಡಲಿಲ್ಲ. ಯಾರಾದರೂ ಕುಬಸದ ನೆಪದಲ್ಲಿ ಬಂದು ಮಾತು ತೆಗೆದರೆ, "ನನಗ ಏನೂ ತಿಳಿಯಾಂಗಿಲ್ಲವ್ವ" ಎಂದು ಮಷೀನು ಜೋರಾಗಿ ತುಳಿಯುವರು. ಮೆಲ್ಲಮೆಲ್ಲಗೆ ಹೆಂಗಸರು ಬರುವುದನ್ನೇ ಬಿಟ್ಟರು. ಓಣಿಯವರು ಇನ್ನೊಂದು ಮಾತೂ ಆಡಿಕೊಂಡರು: ಓಡಿಹೋದವಳ ಸಲುವಾಗಿ ಇಷ್ಟು ಬಡಿದಾಡಿದವಳಿಗೆ ಅವಳ ಜೊತೆ ಏನೋ ಸಂಬಂಧವಿರಬೇಕು ಅಂತ.

ನನ್ನ ಸಂಸಾರದಲ್ಲಿ ಏನಾದರೂ ಬದಲಾಗಬಹುದು ಎಂದು ನಾನು ಒಳಗೊಳಗೇ ಆಸೆ ಇಟ್ಟುಕೊಂಡಿದ್ದೆ. ಬಸ್ಸಿನಲ್ಲಿ ಅಷ್ಟು ಹೇಳಿದವರು ಮಗನಿಗೆ ಒಂದು ಮಾತು ಹೇಳಬಹುದು ಎಂದು. ಒಂದು ಸಂಜೆ ಅವನು ಅವರ ಎದುರಿಗೇ ನನ್ನ ಜಡೆ ಹಿಡಿದ. ಅತ್ತಿ ಎದ್ದು ನಿಂತರು. ನಿಂತವರು ಹಾಗೇ ನಿಂತರು. ಆಮೇಲೆ ಕೂತು ಸೂಜಿಗೆ ದಾರ ಪೋಣಿಸಲು ನೋಡಿದರು. ಪೋಣಿಸಲು ಆಗಲಿಲ್ಲ. ನಾನು ಬಹಳ ವರ್ಷ ಅವರ ಮೇಲೆ ಸಿಟ್ಟಿಟ್ಟುಕೊಂಡೆ. ಒಂದು ಹೆಂಗಸಿನ ಸಲುವಾಗಿ ಬಾಯಿ ತೆಗೆದು ಅವರು ಕಂಡದ್ದೇನು ಎಂದು ಈಗ ಯೋಚಿಸುತ್ತೇನೆ. ಸಿಟ್ಟು ಹೋಗಿದೆ ಅಂತಲ್ಲ. ಎಲ್ಲಿ ಇಡಬೇಕೋ ತಿಳಿಯದೆ ಹಾಗೇ ಇದೆ.

ಅವರು ಆ ಹುಡುಗಿಯನ್ನು ಹುಡುಕುವುದು ಮಾತ್ರ ಬಿಡಲಿಲ್ಲ. ಸವದತ್ತಿಗೆ ಹೋದರೂ ರಾಮದುರ್ಗಕ್ಕೆ ಹೋದರೂ ಬಸ್‌ಸ್ಟ್ಯಾಂಡಿನಲ್ಲಿ ಕೂತು ಹೆಣ್ಣುಮಕ್ಕಳ ಮುಖ ನೋಡುವರು. ವರ್ಷ ಹೋದಂತೆ ನೋಡುವ ಹುಡುಗಿಯರ ವಯಸ್ಸನ್ನೂ ಏರಿಸುತ್ತಾ ಹೋದರು. "ಈಗ ಹತ್ತು ಆಗಿರಬೇಕು." "ಈಗ ದೊಡ್ಡಾಕಿ ಆಗಿರಬೇಕು." "ಈಗ ಲಗ್ನ ಆಗಿರಬೇಕು, ಯಾರ ಮನಿಗೆ ಕೊಟ್ಟಾರೋ." ಒಮ್ಮೆ ಬೈಲಹೊಂಗಲದ ಸಂತೆಯಲ್ಲಿ ಯಾರದೋ ಹೊಸ ಸೊಸೆಯ ಮುಂಗೈ ಹಿಡಿದು, "ನಿಮ್ಮೂರು ಯಾವುದವ್ವ? ನಿಮ್ಮವ್ವ ಅದಾಳೇನು?" ಎಂದು ಕೇಳಿ ಬೈಸಿಕೊಂಡರು. ಕೊನೆಗೆ ಕಣ್ಣು ಮಂಜಾದವು. ಹೊಲಿಗೆ ನಿಂತಿತು. ಸಾಯುವ ಹಿಂದಿನ ವಾರ ನನ್ನನ್ನು ಹತ್ತಿರ ಕರೆದು, "ಆಕಿ ಹೇಳಿದ್ದನ್ನ ನಾ ಠಾಣ್ಯಾಗ ಹೇಳಬಾರದಿತ್ತು, ಮೊದಲ ದಿನಾನ" ಅಂದರು. ಯಾರ ಮಾತು ಎಂದು ನಾನು ಕೇಳಲಿಲ್ಲ.

ನನ್ನ ಗಂಡನೂ ತೀರಿಹೋದ. ನಾನೀಗ ಬೈಲಹೊಂಗಲದಲ್ಲಿ ಒಂದು ಖೋಲಿ ಹಿಡಿದು ಬ್ಲೌಸು ಹೊಲಿಯುತ್ತೇನೆ. ಮಷೀನಿಗೆ ಮೋಟಾರು ಬಂದಿದೆ. ಹುಡುಗಿಯರು ಮೊಬೈಲಿನಲ್ಲಿ ಬೆನ್ನಿನ ನಮೂನೆ ತೋರಿಸುತ್ತಾರೆ. ಅತ್ತಿ ಕೇಳದೆ ಬಿಟ್ಟದ್ದನ್ನು ನಾನು ಕೇಳುತ್ತೇನೆ. ತೋಳಿನ ಮೇಲೆ ಕಲೆ ಕಂಡರೆ, "ಏನಾತವ್ವ?" ಅನ್ನುತ್ತೇನೆ. "ಬಿದ್ದಿದ್ದೆ ಆಂಟಿ" ಅನ್ನುತ್ತಾರೆ. ಮುಂದಿನ ಸಲ ಬೇರೆ ಅಂಗಡಿಗೆ ಹೋಗುತ್ತಾರೆ. ಒಬ್ಬಾಕೆಗೆ ಸಹಾಯವಾಣಿಯ ನಂಬರು ಬರೆದು ಕೊಟ್ಟಿದ್ದೆ. ಆ ಚೀಟಿ ಅವಳ ಗಂಡನಿಗೆ ಸಿಕ್ಕಿತು. ಅವನು ಅಂಗಡಿಗೆ ಬಂದು ನನ್ನ ಮೇಜಿನ ಮೇಲೆ ಆ ಚೀಟಿ ಇಟ್ಟು ಹೋದ. ಅವಳು ಮತ್ತೆ ಬರಲಿಲ್ಲ.

ಹೋದ ವರ್ಷ ರಾಮದುರ್ಗದಲ್ಲಿ ಸಂಬಂಧಿಕರ ಮನೆಯ ಕೆಲಸ ಮುಗಿಸಿಕೊಂಡು ಬರುವಾಗ, ಯಾಕೋ ತೊರಗಲ್ಲಿನಲ್ಲಿ ಇಳಿದೆ. ಇಳಿಯಬೇಕೆಂದು ಹೊರಟವಳಲ್ಲ. ಬಸ್ಸು ನಿಂತಿತು, ಇಳಿದೆ. ಆ ಮನೆ ಸಿಮೆಂಟಿನದಾಗಿತ್ತು. ಒಬ್ಬ ಮುದುಕಿ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದಳು. ಅಂದಿನ ಸೊಸೆ, ಆ ಗಂಡನ ತಂಗಿ. ಮೊದಲು ಗುರುತು ಸಿಗಲಿಲ್ಲ. ಯರಗಟ್ಟಿಯ ಹೊಲಿಗೆಯವರ ಸೊಸೆ ಅಂದಾಗ ಎದ್ದು ನಿಂತಳು. ಒಳಗಿನಿಂದ ನೀರು ತಂದುಕೊಟ್ಟಳು. ಅವಳ ಗಂಡ ಇಲ್ಲ, ಅತ್ತೆ ಇಲ್ಲ, ಅವಳ ಅಣ್ಣ, ಆ ಹುಡುಗಿಯ ಅಪ್ಪ, ಅವನೂ ಇಲ್ಲ. ಎಲ್ಲರೂ ತಮ್ಮ ತಮ್ಮ ಹಾಸಿಗೆಯಲ್ಲೇ ಸತ್ತಿದ್ದರು.

"ಆ ಹುಡುಗಿ ಎಲ್ಲೆ ಅದಾಳ್ರಿ?" ಎಂದು ಕೇಳಿದೆ.

"ಯಾವ ಹುಡುಗಿ?" ಅಂದಳು. ಆಮೇಲೆ ತಾನೇ, "ಆಕಿ ಆ ವರ್ಷಾನ ಹೋದಳು" ಅಂದಳು.

ಅವಳು ಬೀದಿ ನೋಡುತ್ತಾ ಹೇಳುತ್ತಾ ಹೋದಳು, ಯಾರಾದರೂ ಕೇಳಲಿ ಎಂದು ಕಾದು ಕೂತವಳ ಹಾಗೆ. "ನಿಮ್ಮತ್ತಿ ಎರಡನೇ ಸಲ ಬಂದು ಕಾಲಿಗೆ ಬಿದ್ರಲ್ಲ, ಅವತ್ತ ಕೂಸು ಒಳಗ ಮಲಗಿತ್ತು. ಮೈ ಕಾದ ಹಂಚಿನಂಗ ಸುಡತಿತ್ತು. ನಮ್ಮ ಮನಿಯವರು ನನಗ ಹೊರಗ ಬರಬ್ಯಾಡ ಅಂದಿದ್ರು. ನಾ ಕೂಸಿನ ಬಾಯಿ ಮ್ಯಾಲೆ ಕೈ ಇಟ್ಟುಕೊಂಡ ಕುಂತಿದ್ದೆ, ಅಳೂ ಸಪ್ಪಳ ಕೇಳಬಾರದು ಅಂತ."

"ದವಾಖಾನಿಗೆ ಒಯ್ಯಲಿಲ್ಲೇನ್ರಿ?"

"ಹೆಂಗ ಒಯ್ಯಬೇಕು? ಯಾರ ಮಗಳು, ತಾಯಿ ಎಲ್ಲೆ ಅಂತ ಕೇಳತಾರ. ಪೋಲೀಸರು ತಿರಗ ಬರತಾರ ಅಂತ ಎಲ್ಲಾರಿಗೂ ಅಂಜಿಕಿ. ಕಷಾಯ ಕುಡಿಸಿದ್ವಿ. ಐದನೇ ದಿನ ಹೋತು."

ಬರೀ ಜ್ವರವೇ ಎಂದು ನಾನು ಕೇಳಿದೆ. "ಜ್ವರಾನ ಅಂತ ಮನಸ್ಸಿನ್ಯಾಗ ಇಟ್ಟುಕೊಂಡೇನಿ" ಅಂದಳು.

ಅತ್ತಿ ಮುಖ ನೋಡುತ್ತಾ ಕೂತ ಬಸ್‌ಸ್ಟ್ಯಾಂಡುಗಳೆಲ್ಲ ನನ್ನ ಕಣ್ಣ ಮುಂದೆ ಬಂದವು. ಅಳು ಬರಲಿಲ್ಲ. ಆ ಮುದುಕಿ ನನ್ನನ್ನು ಊಟಕ್ಕೆ ಇರು ಅಂದಳು, ಯಾರೂ ಬರುವುದಿಲ್ಲ, ಒಬ್ಬಳೇ ಉಣ್ಣುತ್ತೇನೆ ಅಂದಳು. ನಾನು ಇಲ್ಲ ಅಂದೆ. ಕೂಸನ್ನು ಎಲ್ಲಿ ಮಣ್ಣು ಮಾಡಿದಿರಿ ಎಂದು ಕೇಳಿದೆ. ಹಳ್ಳದ ಆಚೆ ಕೈ ತೋರಿಸಿದಳು. ಆ ಕಡೆ ಈಗ ಕಬ್ಬು ಬೆಳೆದಿತ್ತು. ಒಳಗೆ ಹೋಗಲು ದಾರಿ ಇರಲಿಲ್ಲ.